ಪೊರಕೆಗೆ ಹೊತ್ತು ಹೇಳುವ ಉಚ್ಚಂಗೆಪ್ಪ

ಬೆಳಗಿನ ಆರು ಗಂಟೆ. ಬಸವಾಪಟ್ಟಣದ ದಾರಿಯಲ್ಲಿರುವ ಹೈಸ್ಕೂಲಿನ ಐದೂ ಕೊಠಡಿ ಗುಡಿಸಿ ಮುಗಿಸಿದ ಜವಾನ ಉಚ್ಚಂಗೆಪ್ಪ, ಮೇಜಿನ ಮೇಲಿನ ಭೂಗೋಳವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ನಲ್ಲೂರಿನ ಲಕ್ಷ್ಮಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದಾರೆ. ಅವರ ಅಳಿಯ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬೊಂಬಾಯಿಯಿಂದ ಕುವೈತಿಗೆ ವಿಮಾನ ಹತ್ತುತ್ತಾನೆ.

"ಮನೆ ಕಸ ಯಾವಾಗ ಗುಡಿಸ್ಲಣ್ಣ?"

ಮನೆಯಿಂದ ಹೊರಟವರು ಹೋಗುವ ಊರು ಮುಟ್ಟುವವರೆಗೆ ಮನೆಯಲ್ಲಿ ಉಳಿದವರು ಪೊರಕೆ ಹಿಡಿಯಬಾರದು, ಹಿಡಿದರೆ ಹೊರಟವರಿಗೆ ಕೇಡು ಎಂಬುದು ಈ ಕಡೆಯ ರೂಢಿ. ದಾವಣಗೆರೆ ಬಸ್ಸಿನ ಹೊತ್ತು ಎಲ್ಲರಿಗೂ ಗೊತ್ತು. ವಿಮಾನದ್ದು? ಎಂಟು ವರ್ಷಗಳಿಂದ ಅದನ್ನು ಹೇಳುತ್ತಿರುವವರು ಉಚ್ಚಂಗೆಪ್ಪನವರೇ.

ಸಲಕರಣೆ ಒಂದು ಹೊಲಿಗೆ ದಾರ. ಈ ಭೂಗೋಳದ ನಡುವಿನ ಸುತ್ತಳತೆ ಸರಿಯಾಗಿ ಒಂದು ಮೀಟರು, ನಿಜವಾದ ಭೂಮಿಯದು ನಲವತ್ತು ಸಾವಿರ ಕಿಲೋಮೀಟರು. ಹಾಗಾಗಿ ಒಂದು ಸೆಂಟಿಮೀಟರಿಗೆ ನಾನೂರು ಕಿಲೋಮೀಟರು. ಎರಡು ಊರುಗಳ ನಡುವೆ ದಾರ ಬಿಗಿದು ಅಳೆದ ದೂರವನ್ನು ಗಂಟೆಗೆ ಎಂಟುನೂರರ ಲೆಕ್ಕದಲ್ಲಿ ಭಾಗಿಸಿ, ಏರಿ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸುತ್ತಾರೆ. ಓದಿದ್ದು ಏಳನೇ ತರಗತಿ. "ಗೋಡೆ ಮ್ಯಾಪ್ ನಂಬಬ್ಯಾಡ್ರಿ ಸ್ವಾಮಿ, ದುಂಡಗಿರೋದನ್ನ ಚಪ್ಪಟೆ ಮಾಡೇತೆ" ಎನ್ನುತ್ತಾರೆ.

ದಿನಕ್ಕೆ ಹನ್ನೆರಡು ಸಲ ಗಂಟೆ ಬಾರಿಸುವುದು, ಆರು ಕೊಡ ನೀರು ತುಂಬುವುದು ಇಪ್ಪತ್ತೊಂದು ವರ್ಷಗಳ ಕೆಲಸ. ಅದರಲ್ಲಿ ಯಾರೂ ತಪ್ಪು ಹಿಡಿದಿಲ್ಲ. ಹಿಡಿದದ್ದು ದಾರದ ಲೆಕ್ಕದಲ್ಲಿ, ಹೋದ ವರ್ಷ, ೧೯೮೩ರಲ್ಲಿ.

ಗಾದ್ರಮ್ಮನವರ ಮಗಳು ನಿರ್ಮಲಾ ನರ್ಸ್ ಕೆಲಸಕ್ಕೆಂದು ಮದರಾಸಿನಿಂದ ಸಿಂಗಪುರಕ್ಕೆ ಹೊರಟಿದ್ದಳು. ದಾರ ಏಳು ಸೆಂಟಿಮೀಟರು, ಮೇಲೆ ಮಿಲಿಮೀಟರಿನ ಎರಡು ಗೆರೆ. ಒಂಬತ್ತಕ್ಕೆ ಹೊರಟರೆ ಒಂದು ಗಂಟೆ ದಾಟುತ್ತಲೇ ಇಳಿಯುತ್ತಾಳೆ ಎಂದರು. ಗಾದ್ರಮ್ಮ ಒಂದೂಕಾಲಿಗೆ ಮನೆ ಗುಡಿಸಿದರು. ವಾರ ಕಳೆದು ಕಾಗದ ಬಂತು: ಇಳಿದಾಗ ಮೂರೂವರೆ, ಮಾರನೇ ದಿನದಿಂದ ಜ್ವರ.

ಗಾದ್ರಮ್ಮ ಶಾಲೆಯ ಅಂಗಳಕ್ಕೇ ಬಂದರು. "ಕೂಸು ಇನ್ನೂ ಆಕಾಶದಾಗಿರುವಾಗ ನನ್ನ ಕೈಲಿ ಪೊರಕೆ ಹಿಡಿಸಿದ್ಯಲ್ಲೋ ಅಣ್ಣಾ! ಗಂಟೆ ಬಾರಿಸ್ಕೊಂಡಿರು, ವಿಮಾನದ ಉಸಾಬರಿ ನಿನಗ್ಯಾಕೆ?"

ಆಮೇಲೆ ಒಬ್ಬರೂ ಕೇಳಲು ಬರಲಿಲ್ಲ. "ನಂಗೂ ಅನ್ನ ಸೇರ್ಲಿಲ್ರಿ. ಹುಡುಗಿಗೆ ಏನಾದ್ರೂ ಆದ್ರೆ ನನ್ನಿಂದ್ಲೇ ಅಂತ" ಎನ್ನುತ್ತಾರೆ ಉಚ್ಚಂಗೆಪ್ಪ.

ಒಂದು ಬೆಳಿಗ್ಗೆ ಒರೆಸಲೆಂದು ಭೂಗೋಳವನ್ನು ಕಿಟಕಿಯ ಬಿಸಿಲಿಗಿಟ್ಟು ಮೆಲ್ಲಗೆ ತಿರುಗಿಸಿದರು. ಸಿಂಗಪುರ ಮೊದಲು ಬೆಳಕಿಗೆ ಬಂತು, ನಮ್ಮ ಸೀಮೆ ಆಮೇಲೆ. ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಅಲ್ಲಿ ಹೊತ್ತು ಮುಂಚೆ ಹುಟ್ಟುವುದಾದರೆ ಗಡಿಯಾರವೂ ಮುಂದಿರಬೇಕಲ್ಲ! ಅಂದೇ ನಿರ್ಮಲಾಗೆ ಕಾಗದ ಬರೆದರು: ಮೂರೂವರೆ ಎಂದದ್ದು ಯಾವ ಗಡಿಯಾರ ತಾಯಿ?

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಅದು ವಿಮಾನ ನಿಲ್ದಾಣದ ಗೋಡೆ ಗಡಿಯಾರ. ಊರಿನ ಹೊತ್ತಿಗೇ ಬಿಟ್ಟಿದ್ದ ಅವಳ ಕೈಗಡಿಯಾರದಲ್ಲಿ ಒಂದು ಗಂಟೆ ಐದು ನಿಮಿಷ. ಜ್ವರ ಮಳೆಯಲ್ಲಿ ನೆನೆದದ್ದಕ್ಕೆ, ಈಗ ಬಿಟ್ಟಿದೆ. ಗಾದ್ರಮ್ಮ ಕಾಗದವನ್ನು ಎರಡು ಸಲ ಓದಿಸಿ ಕೇಳಿದರು. "ಹಂಗಾದ್ರೆ ನನ್ನ ಪೊರಕೇದು ಏನೂ ತಪ್ಪಿಲ್ಲ" ಎಂದರು. ಉಚ್ಚಂಗಣ್ಣನದೂ ಇಲ್ಲವೆಂದು ಬಾಯಿ ಬಿಟ್ಟು ಹೇಳಲಿಲ್ಲ; ಲಕ್ಷ್ಮಮ್ಮನನ್ನು ಇಂದು ಇಲ್ಲಿಗೆ ಕಳಿಸಿದವರು ಮಾತ್ರ ಅವರೇ.

ಉಚ್ಚಂಗೆಪ್ಪ ಕುವೈತಿನ ಮೇಲೆ ದಾರ ಬಿಗಿಯುತ್ತಾರೆ. "ನಮ್ಮ ಗಡಿಯಾರದಾಗೆ ಒಂದು, ಅವರದ್ರಾಗೆ ಹತ್ತೂವರೆ. ಕಾಗದದಾಗೆ ಏನಾದ್ರೂ ಬರೀಲಿ, ನೀನು ನಮ್ಮದೇ ನೋಡವ್ವ."

ಜಗಳೂರಿನಿಂದಾಚೆ ಹೋಗದ ಈ ಮನುಷ್ಯನಿಗೆ ವಿಮಾನ ಹತ್ತುವ ಆಸೆಯಿಲ್ಲವೇ? ನಗುತ್ತಾ ದಾರ ಸುತ್ತಿ ಜೇಬಿಗಿಡುತ್ತಾರೆ.

"ನಾನ್ಯಾಕ್ರೀ ಹತ್ತಲಿ? ನನ್ನ ಮಾತು ಕೇಳಿದ ಯಾರ ಮನೇಲೂ ಹೊತ್ತಿಗೆ ಮುಂಚೆ ಪೊರಕೆ ಎದ್ದಿಲ್ಲ. ಅಷ್ಟು ಸಾಕು ನಂಗೆ."