ಚಿತ್ತಮ್ಮನ ಮನೆಯ ಕಬ್ಬಿಣ

ನಸುಕಿನ ಫಜರ್ ನಮಾಜು ಮುಗಿಸಿ ಬಂದ ಸುಭಾನ್ ಸಾಬರು ಹೊಳಲ್ಕೆರೆಯ ತಮ್ಮ ಕುಲುಮೆಯಲ್ಲಿ ಇದ್ದಲಿಗೆ ಗಾಳಿ ಹಾಕುತ್ತಾರೆ. ದೀಪ ಹಚ್ಚುವುದಿಲ್ಲ. ಕಾದ ಕಬ್ಬಿಣದ ಬಣ್ಣ ಸರಿಯಾಗಿ ಕಾಣುವುದು ಮಬ್ಬುಗತ್ತಲಲ್ಲಿ. ತಂದೆ ಕಲಿಸಿದ ಪಾಠ. ಅರವತ್ತೆಂಟರ ಕಣ್ಣಿಗೆ ಪೊರೆ ಬಂದ ಮೇಲೆ ಬಣ್ಣ ನೋಡುವವರು ಹೆಂಡತಿ ಮಹಮೂದಾ.

“ಕುಂಬಳಕಾಯಿ ಬಣ್ಣ... ತಡೀರಿ... ಹಾಂ, ಕಡ್ಲೆಹಿಟ್ಟು! ತೆಗೀರಿ!”

“ಮೆಲ್ಲಗೆ ಹೇಳೇ, ಊರೆಲ್ಲ ಬಜ್ಜಿ ತಿನ್ನಾಕೆ ಬಂದು ಕುಂತ್ಕಂಡಾರು,” ಎನ್ನುತ್ತಲೇ ಸಾಬರು ‘ಬಿಸ್ಮಿಲ್ಲಾ’ ಎಂದು ಸುತ್ತಿಗೆ ಎತ್ತುತ್ತಾರೆ.

ದಿನಕ್ಕೆ ಹತ್ತು ಕುಡುಗೋಲು, ಎರಡು ಮಚ್ಚು ಹದ ಮಾಡುವ ಕೈಗೆ ಬೆಂಕಿಯಲ್ಲಿರುವ ಈ ಒಂದು ಕತ್ತಿ ಮಾತ್ರ ಇನ್ನೂ ಒಲಿದಿಲ್ಲ. ಪಕ್ಕದ ಹಳ್ಳಿಯ ಚಿತ್ತಮ್ಮನ ಮನೆಯಲ್ಲಿ ಹಿರೀಕರ ಕತ್ತಿಯೊಂದಿತ್ತು. ಮೈತುಂಬ ನೀರಿನ ಅಲೆಯಂಥ ಗೆರೆ. ಹತ್ತೊಂಬತ್ತು ವರ್ಷದ ಹಿಂದೆ, ಆಯುಧಪೂಜೆಯ ಹಿಂದಿನ ದಿನ, ಬಾಗಿದ ತುದಿ ನೇರ ಮಾಡಿಸಲು ಆಕೆ ತಂದಿದ್ದರು. ಬೆಳಗಿನ ಜಾವಕ್ಕೆ ಕಾಯಬೇಕಿದ್ದ ಸಾಬರು ಅವಸರಕ್ಕೆ ಬಿದ್ದು ನಡುಮಧ್ಯಾಹ್ನವೇ ಬೆಂಕಿಗಿಟ್ಟರು. ಬಿಸಿಲಲ್ಲಿ ಬಣ್ಣ ತಿಳಿಯಲಿಲ್ಲ. ಕತ್ತಿ ಕಿಡಿ ಉಗುಳಿ, ಸುತ್ತಿಗೆ ತಾಗಿದೊಡನೆ ಚೂರಾಯಿತು.

“ಆಯಮ್ಮ ಒಂದು ಮಾತೂ ಆಡ್ಲಿಲ್ರಿ. ಚೂರೆಲ್ಲ ಸೆರಗಿನಾಗೆ ಕಟ್ಕಂಡು ಹೋದ್ರು. ಬೈದಿದ್ರೆ ಹಗುರಾಗ್ತಿದ್ದೆ. ನಮಾಜಿಗೆ ಕುಂತ್ರೂ ಆ ಕಿಡಿ ಕಣ್ಮುಂದೆ ಬರ್ತೈತೆ,” ಎನ್ನುತ್ತಾರೆ ಸಾಬರು, ಕುಲುಮೆ ನೋಡಲು ಬಂದ ನನಗೆ.

ಹೋದ ವರ್ಷ ಚಿತ್ತಮ್ಮನ ಹಳೇ ಮನೆ ಬಿಚ್ಚಿದಾಗ ಸಾಬರೇ ಹೋಗಿ, ಅಂಥದೇ ಕತ್ತಿ ಮಾಡಿಕೊಡಲೆಂದು ಬಾಗಿಲ ಸರಪಳಿ, ಎತ್ತಿನಗಾಡಿಯ ಚಕ್ರದ ಪಟ್ಟಿ ಕೇಳಿ ತಂದರು. ಆ ಮೆದು ಕಬ್ಬಿಣದ ನಡುನಡುವೆ ಲಾರಿಯ ಕಮಾನುಪಟ್ಟಿಯ ಉಕ್ಕು ಇಟ್ಟು, ಬೆಸುಗೆ ಕೂಡಲು ಬಿಳಿಗಾರ ಉದುರಿಸಿ, ಕಾಯಿಸಿ ಬಡಿದು ಒಂದಾಗಿಸಬೇಕು; ಮಡಿಸಿ ಮತ್ತೆ ಬಡಿಯಬೇಕು. ಎರಡು ಸಲ ಪದರ ಬಿಟ್ಟುಕೊಂಡಿವೆ. ಈಗ ಬೆಂಕಿಯಲ್ಲಿರುವುದು ಉಳಿದ ಕೊನೆಯ ತುಂಡು.

ಐದನೇ ಬೆಳಗಿಗೆ ಕತ್ತಿ ಮುಗಿಯುತ್ತದೆ. ಹುಣಸೆ ಹುಳಿ ಸವರಿ ಕಾದರೆ ಗೆರೆಗಳು ಒಂದೊಂದಾಗಿ ಮೇಲೇಳುತ್ತವೆ. ಹಿಡಿ ಕೂರುವ ಜಾಗದಲ್ಲಿ ಮಾತ್ರ ಸಾಬರ ಉಗುರಿಗೆ ಕೂದಲೆಳೆಯಷ್ಟು ಸೀಳು ಸಿಗುತ್ತದೆ.

“ಹಿಡಿ ಹಾಕಿದ್ರೆ ಮುಚ್ಚೋಗ್ತೈತೆ. ಯಾರು ನೋಡ್ತಾರೆ?” ಎನ್ನುತ್ತಾರೆ ಮಹಮೂದಾ.

“ಮುಚ್ಚಿ ಕೊಟ್ರೆ ಎರಡನೇ ಸಲ ಸುಟ್ಟಂಗೆ.”

ಹಿಡಿ ಹಾಕದೆಯೇ ಒಯ್ದು, ಜಗಲಿಯಲ್ಲಿ ಕುಳಿತ ಚಿತ್ತಮ್ಮನಿಗೆ ಮೊದಲು ಸೀಳನ್ನೇ ತೋರಿಸುತ್ತಾರೆ. ಎಂಬತ್ತು ದಾಟಿದ ಆಕೆ ಅದರ ಮೇಲೆ ಹೆಬ್ಬೆರಳಾಡಿಸುತ್ತಾರೆ.

“ಅದಕ್ಯಾಕೆ ಮುಖ ಸಣ್ಣ ಮಾಡ್ಕಂತೀಯಪ್ಪ ಸುಭಾನು? ಹಳೇದಕ್ಕೂ ಇಲ್ಲೇ ಒಂದು ಸೀಳಿತ್ತು!” ಎಂದು ಕತ್ತಿಯನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿಗೆ ಒಯ್ಯುತ್ತಾರೆ.

ನನ್ನೊಡನೆ ಸೈಕಲ್ ತಳ್ಳುತ್ತ ಮರಳುವ ಸಾಬರು ಊರು ದಾಟಿದ ಮೇಲೆ ನಿಲ್ಲುತ್ತಾರೆ.

“ಹಳೇದಕ್ಕೆ ಸೀಳು ಇರ್ಲಿಲ್ರಿ,” ಎನ್ನುತ್ತಾರೆ. “ಸುಟ್ಟೋನು ನಾನು. ಅದರ ಮೈ ನಂಗೆ ಗೊತ್ತಿಲ್ವಾ?”