ನಾನು ಆಡದ ಫೈನಲ್

ಸಾಗರದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ನನಗೆ ಬುಕಿಂಗ್ ಗುಮಾಸ್ತನ ಕೆಲಸ ಸಿಕ್ಕಿದ್ದು ಬ್ಯಾಸ್ಕೆಟ್‌ಬಾಲ್ ಆಡುತ್ತೇನೆಂಬ ಕಾರಣಕ್ಕೆ. ಅರವತ್ತರ ದಶಕದ ನಡುವಿನ ಮಾತು. ಮಾಲೀಕರಿಗೆ ಮೈಸೂರಿನಲ್ಲಿ ಓದುವಾಗ ಹತ್ತಿದ ಆಟದ ಹುಚ್ಚು. ಕಂಡಕ್ಟರು, ಮೆಕ್ಯಾನಿಕ್ಕು ಎಂದು ಎಂಟು ಜನರನ್ನು ಕೆಲಸಕ್ಕಿಟ್ಟುಕೊಂಡು ದಿನಾ ಸಂಜೆ ಬಸ್ ಶೆಡ್ಡಿನ ಹಿಂದೆ ಆಡಿಸುತ್ತಿದ್ದರು.

ನಮ್ಮ ನಾಯಕ ತೀರ್ಥಹಳ್ಳಿಯವನು, ಟಿಕೆಟ್ ಚೆಕಿಂಗ್ ಮಾಡುತ್ತಿದ್ದ. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನನಗೆ ಟೈಫಾಯ್ಡ್ ಆದಾಗ ಮೂರು ವಾರ ಗಂಜಿ ಕಾಯಿಸಿ ಕುಡಿಸಿದವನು ಅವನೇ. ಹೊಸನಗರದಲ್ಲಿ ದರ್ಜಿಯಾಗಿದ್ದ ನನ್ನ ಅಪ್ಪ ತಂಡಕ್ಕೆಲ್ಲ ಅಂಗಿ ಹೊಲಿದುಕೊಟ್ಟಿದ್ದರು. ನನ್ನದು ಏಳನೇ ನಂಬರು.

ಅದುವರೆಗೆ ಮೊದಲ ಸುತ್ತನ್ನೂ ದಾಟದ ನಾವು ಆ ವರ್ಷ ಜಿಲ್ಲಾ ಪಂದ್ಯಾವಳಿಯ ಫೈನಲ್ ಮುಟ್ಟಿದೆವು. ಸೆಮಿಫೈನಲ್ ಗೆಲ್ಲಿಸಿದ ಕೊನೆಯ ಎರಡು ಬ್ಯಾಸ್ಕೆಟ್ ನನ್ನವು. ಫೈನಲ್ ತೀರ್ಥಹಳ್ಳಿಯಲ್ಲಿ, ಭಾನುವಾರ ಸಂಜೆ.

ಅಂದು ಬೆಳಿಗ್ಗೆ ನಾಯಕ, ಆನಂದಪುರದ ಬುಕಿಂಗ್‌ನವನು ರಜೆ ಹಾಕಿದ್ದಾನೆ, ಮಧ್ಯಾಹ್ನದವರೆಗೆ ನೀನು ಕೂರಬೇಕು, ಆಮೇಲೆ ಮಾಲೀಕರ ಕಾರು ಬಂದು ನಿನ್ನನ್ನು ಮೈದಾನಕ್ಕೆ ಬಿಡುತ್ತದೆ ಎಂದ. ನಾನು ಹೋಗಿ ಕೂತೆ. ಮೂರು ಗಂಟೆಯಾದರೂ ಕಾರು ಬರಲಿಲ್ಲ. ಕೊನೆಗೆ ಒಂದು ಲಾರಿಗೆ ಕೈ ಅಡ್ಡ ಹಿಡಿದು ಹತ್ತಿದೆ.

ನಾನು ಮೈದಾನ ತಲುಪುವಾಗ ದ್ವಿತೀಯಾರ್ಧ ನಡೆಯುತ್ತಿತ್ತು. ಏಳನೇ ನಂಬರಿನ ಅಂಗಿ ತೊಟ್ಟು, ನಾನೆಂದೂ ನೋಡಿರದ ಎತ್ತರದ ಆಳೊಬ್ಬ ಆಡುತ್ತಿದ್ದ. ಅವನು ಚೆಂಡು ಹಾಕಿದಾಗಲೆಲ್ಲ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗುತ್ತಿದ್ದರು. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ನಾವು ಗೆದ್ದೆವು.

ಜನ ಚದುರಿದ ಮೇಲೆ ನಾಯಕನನ್ನು ಹಿಡಿದು ನಿಲ್ಲಿಸಿದೆ. ಅವನು ಮುಖ ತಪ್ಪಿಸಲಿಲ್ಲ. ಆಟಗಾರರ ಪಟ್ಟಿ ಮೊದಲೇ ಕೊಟ್ಟಾಗಿತ್ತು, ಮಾಲೀಕರು ಮೈಸೂರಿನಿಂದ ಕರೆಸಿದ ಆಟಗಾರನನ್ನು ಪಟ್ಟಿಯಲ್ಲಿದ್ದ ಯಾರದ್ದಾದರೂ ಹೆಸರಲ್ಲೇ ಇಳಿಸಬೇಕಿತ್ತು ಎಂದ.

"ನನ್ನ ಹೆಸರು ಕೊಟ್ಟಿದ್ದು ಯಾರು?"

"ನಾನೇ. ನೀನಾದ್ರೆ ಗಲಾಟೆ ಮಾಡಲ್ಲ ಅಂತ ಗೊತ್ತಿತ್ತು ಮಾರಾಯ."

ಅವನು ಹೇಳಿದ್ದು ನಿಜವೇ ಆಯಿತು. ನಾನು ಗಲಾಟೆ ಮಾಡಲಿಲ್ಲ. ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವನು ಇನ್ನೊಬ್ಬನಿರಲಿಲ್ಲ. ಆ ತಿಳಿವಳಿಕೆಯನ್ನೇ ಅವನು ಬಳಸಿಕೊಂಡಿದ್ದ.

ಮರುದಿನ ಹೊಸನಗರಕ್ಕೆ ಹೋದರೆ, ಪತ್ರಿಕೆಯಲ್ಲಿ ಬಂದ ನನ್ನ ಹೆಸರನ್ನು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ಕೊನೆಯ ಚೆಂಡು ಹೇಗೆ ಹಾಕಿದೆ ಎಂದು ಎಲ್ಲರೆದುರು ಕೇಳಿದರು. ಆ ಎತ್ತರದವನು ಹಾರಿದ್ದು, ಮಣಿಕಟ್ಟು ತಿರುಗಿಸಿದ್ದು, ಎಲ್ಲವನ್ನೂ ನನ್ನದೆಂಬಂತೆ ಹೇಳಿದೆ.

ಗಿರಾಕಿಗಳು ಹೋದ ಮೇಲೆ ನಿಜ ಹೇಳಿಬಿಟ್ಟೆ. ಅಪ್ಪ ಕೈಲಿದ್ದ ಬಟ್ಟೆ ಮಡಿಸಿಟ್ಟರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹೋಟೆಲು, ಕಿರಾಣಿ ಅಂಗಡಿ, ಅಂಚೆ ಕಚೇರಿ, ತಾವು ಹೇಳಿಕೊಂಡಿದ್ದ ಕಡೆಗೆಲ್ಲ ಹೋಗಿ, "ನಿನ್ನೆ ಆಡಿದ್ದು ನನ್ನ ಮಗ ಅಲ್ಲ" ಎಂದು ಹೇಳಿ ಬಂದರು. ಯಾಕೆ, ಏನು ಎಂದು ಯಾರಿಗೂ ವಿವರಿಸಲಿಲ್ಲವಂತೆ.

ನಾನು ಕೆಲಸ ಬಿಟ್ಟೆ. ಮಳೆಗಾಲ ಕಳೆದ ಮೇಲೆ ನಾಯಕ, ಹೊಸ ಸೀಸನ್‌ಗೆ ಕರೆಯಲು ಅಂಗಡಿಯವರೆಗೆ ಬಂದ. ಅಪ್ಪ ಅವನಿಗೆ ಸ್ಟೂಲು ಕೊಟ್ಟು ಕೂರಿಸಿದರು, ಕಾಫಿ ತರಿಸಿದರು. ನಾನು ಹಿಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಿದ್ದೆ. ಅವನು ಎದ್ದುಹೋಗುವವರೆಗೂ ಹೊರಗೆ ಬರಲಿಲ್ಲ.