ಸಾರಕ್ಕಿ ಸ್ಟಾಪಿನ ಹೋಲ್ಡಾನ್

ದೆವ್ವ, ಗಾಳಿ, ಸತ್ತವರ ದನಿ ಅಂತ ಯಾರಾದರೂ ಶುರು ಮಾಡಿದರೆ ಮೊದಲೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದರಿಂದ ಯಾರಿಗೆ ಲಾಭ? ಹನುಮಂತನಗರದಲ್ಲಿ ಹಳೇ ಟೀವಿ ರಿಪೇರಿ ಮಾಡಿಕೊಂಡು ಮೇಲೆ ಬಂದವನು ನಾನು. ಟೀವಿಯಲ್ಲಿ ಒಬ್ಬೊಬ್ಬರ ಪಕ್ಕ ಇನ್ನೊಂದು ನೆರಳು ಕಾಣುತ್ತೆ ಅಂತ ಹೆದರಿಕೊಂಡು ಬಂದವರಿದ್ದಾರೆ. ಆಂಟೆನಾ ತಿರುಗಿಸಿ ಆ ನೆರಳು ಓಡಿಸಿ, ಕೂಲಿ ಇಸ್ಕೊಂಡು ಬಂದಿದ್ದೇನೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಅಂತ ಹಟ ಮಾಡಲಾರೆ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ಜಯನಗರದಲ್ಲಿ ನನ್ನದು ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ. ಬಿಟಿಎಂ ಲೇಔಟಿನಲ್ಲಿ ಒಂದು ವಿಡಿಯೋ ಗೇಮ್ ಪಾರ್ಲರ್ ಮುಚ್ಚಿತು. ಅಲ್ಲಿ ತಲೆಗೆ ಹಾಕಿಕೊಳ್ಳುವ ಒಂದು ಯಂತ್ರ ಇತ್ತು. ನೋಡಲು ಹೆಲ್ಮೆಟ್ಟಿನ ಹಾಗೆ, ಒಳಗೆ ಕಣ್ಣಿಗೊಂದರಂತೆ ಪುಟ್ಟ ಪರದೆ. ಹಾಕಿಕೊಂಡು ತಲೆ ತಿರುಗಿಸಿದರೆ ಒಳಗಿನ ಲೋಕವೂ ತಿರುಗುತ್ತದೆ. ಮಾರುವವನಿಗೆ ಅದನ್ನು ಸಾಗಹಾಕಿದರೆ ಸಾಕಾಗಿತ್ತು. ಕೊಳ್ಳುವವನು ಅಂಥ ಹೊತ್ತಿಗೇ ಹೋಗಬೇಕು. ಕೊಂಡು ತಂದೆ. ಆಮೇಲೆ ಯೋಚಿಸಿದೆ, ಇದನ್ನು ಯಾರಿಗೆ ಮಾರಲಿ ಅಂತ.

ಸರ್ಕಾರಿ ಬಸ್ ಡ್ರೈವರುಗಳ ತರಬೇತಿ ಕೇಂದ್ರವೊಂದರಲ್ಲಿ ನನ್ನ ಕಂಪ್ಯೂಟರುಗಳಿದ್ದವು. ಅಲ್ಲಿನ ಅಧಿಕಾರಿಗೆ ಹೇಳಿದೆ, “ಸಾರ್, ಡೀಸೆಲ್ ಬೇಡ, ಟೈರ್ ಸವೆಯಲ್ಲ, ಯಾರಿಗೂ ಗುದ್ದಲ್ಲ. ಕುರ್ಚೀಲಿ ಕೂತೇ ಬನಶಂಕರಿಯಿಂದ ಜೆ.ಪಿ. ನಗರಕ್ಕೆ ಬಸ್ ಓಡಿಸಬಹುದು.” ಸರ್ಕಾರಿ ಕಚೇರಿಗೆ ಏನಾದರೂ ಮಾರುವವರಿಗೆ ನನ್ನದೊಂದು ಬುದ್ಧಿಮಾತು: ಏನು ಹೊಸದಾಗಿ ಸಿಗುತ್ತದೆ ಅನ್ನಬೇಡಿ, ಯಾವ ತಲೆನೋವು ಹೋಗುತ್ತದೆ ಅನ್ನಿ. ಅವರು ಒಪ್ಪಿದರು. ಒಂದು ದಿನ ಪರೀಕ್ಷೆ ಮಾಡಿ ನೋಡೋಣ ಅಂದರು.

ಒಳಗಿನ ರಸ್ತೆ ಕಟ್ಟಿದವನು ವೀರೇಶ. ಹುಬ್ಬಳ್ಳಿ ಕಡೆಯ ಎಂಜಿನಿಯರ್, ಬಿಟಿಎಂನಲ್ಲಿ ಬಾಡಿಗೆಗಿದ್ದ. ಅಸಲು ರಸ್ತೆಯ ಫೋಟೋ ಹಿಡಿದು ಬಂದು ಸ್ಟಾಪು, ಸಿಗ್ನಲ್ಲು, ಸಾರಕ್ಕಿಯ ಮಾರ್ಕೆಟ್ಟು ಎಲ್ಲ ಮಾಡಿ, ಕುರ್ಚಿಯ ಮುಂದೆ ಸ್ಟೇರಿಂಗು, ಬ್ರೇಕು ಜೋಡಿಸಿದ್ದ. ಸ್ಪೀಕರಿನಲ್ಲಿ ಎಂಜಿನ್ ಸದ್ದು ಮಾತ್ರ. ಮನುಷ್ಯರ ದನಿ ಒಂದೂ ಹಾಕಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ಪರೀಕ್ಷೆ ಶುರುವಾದ ಕೂಡಲೇ ನಮ್ಮ ಮರ್ಯಾದೆ ಹೋಯಿತು. ಮೊದಲನೇ ಡ್ರೈವರು ಚೆನ್ನಾಗಿಯೇ ಓಡಿಸಿಕೊಂಡು ಬಂದ, ಸ್ಟಾಪಿನಲ್ಲಿ ನಿಲ್ಲಿಸಿದ, ನಿಲ್ಲಿಸಿದವನು ಹೊರಡಲೇ ಇಲ್ಲ.

“ಯಾಕ್ರೀ, ನಿದ್ದೆ ಬಂತಾ?” ಅಂದರು ಅಧಿಕಾರಿ.

“ರೈಟ್ ಕೊಟ್ಟಿಲ್ವಲ್ಲ ಸಾರ್.”

ಎರಡನೆಯವನೂ ಹಾಗೇ. ಮೂರನೆಯವನಂತೂ ಹೆಲ್ಮೆಟ್ ಹೊತ್ತುಕೊಂಡೇ ಹಿಂದಕ್ಕೆ ತಿರುಗಿ, “ಕಂಡಕ್ಟ್ರು ಟೀ ಕುಡಿಯಕ್ಕೆ ಹೋದ್ರೇನ್ ಗುರು?” ಅಂದ. ಎಲ್ಲರೂ ನಕ್ಕರು. ವೀರೇಶ ತಲೆ ಚಚ್ಚಿಕೊಂಡ: “ಗಾಡಿ ಇವ್ರ ಕೈಯಾಗ ಐತ್ರೀ ಸರ. ಇನ್ನೊಬ್ರು ಹೇಳ್ಬೇಕೇನ್ರೀ?”

ಹೇಳಬೇಕು. ಕಂಡಕ್ಟರ್ ರೈಟ್ ಅನ್ನದೆ ಬಸ್ ಹೊರಡುವುದಿಲ್ಲ, ಯಾರು ಹೋಲ್ಡಾನ್ ಅಂದರೂ ನಿಲ್ಲುತ್ತದೆ. ಆ ಎರಡು ಮಾತು ಈ ಡ್ರೈವರುಗಳ ಕಾಲಿಗೇ ಹೋಗಿ ಮುಟ್ಟುತ್ತವೆ, ತಲೆಗಲ್ಲ. ಕಂಡಕ್ಟರೇ ಇಲ್ಲದ ಬಸ್ಸನ್ನು ನಾವು ಮಾಡಿಟ್ಟಿದ್ದೆವು. ನಾನು ಕುರ್ಚಿಯ ಹಿಂದೆ ನಿಂತೆ, “ನಾನೇ ಕಂಡಕ್ಟ್ರು, ಓಡಿಸ್ರಪ್ಪ” ಅಂದೆ. ಆಮೇಲೆ ಎಲ್ಲ ಸಲೀಸಾಯಿತು.

ಮಧ್ಯಾಹ್ನ ಊಟವಾದ ಮೇಲೆ ಹೊನ್ನೇಗೌಡರ ಸರದಿ. ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಊಟದ ಹೊತ್ತಿನಲ್ಲಿ ಅವರೇ ನನ್ನ ಪಕ್ಕ ಬಂದು ಕೂತಿದ್ದರು. ಹಿಂದಿನ ವರ್ಷ ಸಾರಕ್ಕಿ ಸ್ಟಾಪಿನಲ್ಲಿ ಅವರ ಬಸ್ಸಿನಿಂದ ಒಬ್ಬ ಹೆಂಗಸು ಬಿದ್ದರು. ಕಂಡಕ್ಟರ್ ಹಿಂದಿನ ನೂಕುನುಗ್ಗಲಲ್ಲಿ ಸಿಕ್ಕಿಕೊಂಡು ರೈಟ್ ಅಂದಿದ್ದಾನೆ. ಮುಂದಿನ ಬಾಗಿಲಲ್ಲಿ ಇಳಿಯುತ್ತಿದ್ದ ಆಕೆ ಇನ್ನೂ ಮೆಟ್ಟಿಲ ಮೇಲೆ. ಉಳಿಯಲಿಲ್ಲ. ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲ ಅಂತ ಆಯಿತು.

“ಆಯಮ್ಮ ಹೋಲ್ಡಾನ್ ಅಂದ್ರಂತೆ ಸಾರ್. ಪಕ್ಕದಲ್ಲಿದ್ದೋರಿಗೆಲ್ಲ ಕೇಳಿಸಿದೆ. ನನಗೆ ಕೇಳಿಸ್ಲಿಲ್ಲ” ಅಂದರು. ಆದರೂ ಅಲ್ಲಿಂದೀಚೆಗೆ ಅವರಿಗೆ ಬಸ್ ಕೊಟ್ಟಿರಲಿಲ್ಲ. ನಮ್ಮ ಯಂತ್ರದ ಪರೀಕ್ಷೆಯನ್ನೇ ಅಧಿಕಾರಿ ಅವರ ಪರೀಕ್ಷೆಯನ್ನಾಗಿಯೂ ಮಾಡಿದ್ದರು: ಪಾಸಾದರೆ ಮತ್ತೆ ಸ್ಟೇರಿಂಗು, ಇಲ್ಲವಾದರೆ ರಿಟೈರಾಗುವ ತನಕ ಡಿಪೋ ಗೇಟು. “ಗೇಟ್ ಕಾಯ್ಕೊಂಡು, ಬೇರೆಯೋರು ಗಾಡಿ ತಗೊಂಡ್ ಹೋಗೋದನ್ನ ನೋಡ್ಕೊಂಡಿರೋಕೆ ನನ್ ಕೈಲಾಗಲ್ಲ ಸಾರ್.”

ಕೂತರು. ಹೆಲ್ಮೆಟ್ ಹಾಕಿದೆವು. ಇಂಥದ್ದೆಲ್ಲ ಸರಿರಾತ್ರಿಯಲ್ಲಿ ಆಗುತ್ತದೆ ಅಂತ ಕೇಳಿದ್ದೆ. ಇಲ್ಲಿ ಕಿಟಕಿಯಲ್ಲಿ ಬಿಸಿಲು, ಮೇಲೆ ಫ್ಯಾನು, ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅಧಿಕಾರಿ ಮೂಲೆಯಲ್ಲಿ ಫೋನಿನಲ್ಲಿದ್ದರು. ವೀರೇಶ ಕಂಪ್ಯೂಟರ್ ಮುಂದೆ. ಗೌಡರು ತುಂಬಿದ ಲೋಟದ ನೀರು ಅಲುಗದ ಹಾಗೆ ಓಡಿಸಿಕೊಂಡು ಬಂದರು. ಸಾರಕ್ಕಿ ಸ್ಟಾಪಿನಲ್ಲಿ ನಿಲ್ಲಿಸಿದರು. ನಾನು “ರೈಟ್” ಅಂದೆ. ಬಸ್ ಅಲುಗಿತು.

“ಹೋಲ್ಡಾನ್, ಹೋಲ್ಡಾನ್.”

ಹೆಂಗಸಿನ ದನಿ. ಕಿರುಚಾಟ ಅಲ್ಲ. ಕೈಯಲ್ಲಿ ಚೀಲ ಇಟ್ಟುಕೊಂಡು, ಸ್ವಲ್ಪ ಗಾಬರಿ, ಸ್ವಲ್ಪ ಸಂಕೋಚದಲ್ಲಿ ನಾವೆಲ್ಲ ದಿನಾ ಕೇಳುತ್ತಿದ್ದೆವಲ್ಲ, ಹಾಗೆ. ಗೌಡರ ಎಡಗಡೆ, ಬಾಗಿಲು ಇರಬೇಕಾದ ಕಡೆಯಿಂದ ಬಂತು. ತಿರುಗಿ ನೋಡಿದೆ. ಬೀರು ಇತ್ತು, ಅದರ ಮೇಲೆ ಧೂಳು. ಅಷ್ಟರಲ್ಲಿ ಗೌಡರ ಕಾಲು ಬ್ರೇಕಿನ ಮೇಲೆ ಪೂರ್ತಿ ಕೂತಿತ್ತು.

ವೀರೇಶನ ಮುಂದಿದ್ದ ಕಂಪ್ಯೂಟರ್ ಪರದೆ ಕೆಂಪಾಯಿತು. ಕಾರಣವಿಲ್ಲದೆ ಬ್ರೇಕ್ ಹಾಕಿದರೆ ಫೇಲು, ಪ್ರೋಗ್ರಾಮಿನಲ್ಲಿ ಹಾಗೆ ಬರೆಸಿದವನು ನಾನೇ. ಅಧಿಕಾರಿ ಫೋನಿಟ್ಟು ಬಂದರು. “ಏನ್ರೀ ಗೌಡ್ರೆ, ರೋಡಲ್ಲಿ ನರಪಿಳ್ಳೆ ಇಲ್ಲ, ಯಾಕ್ರೀ ಬ್ರೇಕು? ಇದಕ್ಕೇ ನಿಮಗೆ ಗಾಡಿ ಕೊಡಲ್ಲ ಅಂದಿದ್ದು.”

ಗೌಡರು ಹೆಲ್ಮೆಟ್ ತೆಗೆಯಲಿಲ್ಲ. “ಕೇಳಿಸ್ತು” ಅಂದರು, ಅಷ್ಟೇ.

ಇಷ್ಟು ವರ್ಷ ವ್ಯಾಪಾರ ಮಾಡಿ ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. “ನಾನೇ ಸಾರ್ ಹೋಲ್ಡಾನ್ ಅಂದಿದ್ದು. ಗಮನ ಇದೆಯಾ ಅಂತ ನೋಡೋಣ ಅಂತ. ನೀವು ಫೋನಲ್ಲಿದ್ರಿ. ಹೋಲ್ಡಾನ್ ಅಂದ್ರೆ ನಿಲ್ಲಿಸೋನು ಒಳ್ಳೇ ಡ್ರೈವರೋ, ನಿಲ್ಲಿಸದೇ ಇರೋನು ಒಳ್ಳೇ ಡ್ರೈವರೋ, ನೀವೇ ಹೇಳಿ.” ಅವರು ನನ್ನನ್ನು ಒಂದು ಸಲ ನೋಡಿದರು. “ಆಯ್ತು, ಇನ್ನೊಂದ್ಸಲ ಮಾಡಿಸಿ. ನಿಮ್ಮ ತಮಾಷೆ ಬೇಡ” ಅಂದು ಅಲ್ಲೇ ಕೈಕಟ್ಟಿ ನಿಂತರು. ವೀರೇಶ ಮಾತ್ರ ನನ್ನ ಕಿವಿಯಲ್ಲಿ ಕೇಳಿದ, “ಸರ, ನೀವು ಬಾಯಿ ತೆರದೇ ಇಲ್ಲಲ್ರೀ? ನನಗೇನೂ ಕೇಳಿಸ್ಲಿಲ್ಲ.”

ಮತ್ತೆ ಮೊದಲಿನಿಂದ ಓಡಿಸಿದರು. ಸಾರಕ್ಕಿ ಬಂತು. ಬಸ್ ನಿಂತಿತು. ಈಗ ನಾನು ರೈಟ್ ಅನ್ನಬೇಕು. ಅನ್ನಲಾಗಲಿಲ್ಲ. ಭಯ ಅಂತ ಅಲ್ಲ. ಬಾಗಿಲಲ್ಲಿ ಯಾರೋ ಇಳಿಯುತ್ತಿರುವಾಗ ಮೈ ತಾನಾಗಿ ತಡೆಯುತ್ತದಲ್ಲ, ಅಂಥದ್ದು. ಅಧಿಕಾರಿ ಹುಬ್ಬು ಗಂಟು ಹಾಕಿದರು. ವೀರೇಶ ಕೆಮ್ಮಿದ. ಗೌಡರು ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿಕೊಂಡು ಕಾಯುತ್ತಿದ್ದರು. ಅವರಿಗೆ ಒಳಗೆ ಏನು ಕಾಣುತ್ತಿತ್ತೋ, ಹೊರಗಿನ ಪರದೆಯಲ್ಲಂತೂ ಖಾಲಿ ಬಾಗಿಲು. ಆಮೇಲೆ ಅವರ ಹೆಗಲು ಸಡಿಲವಾಯಿತು, ತಲೆ ರಸ್ತೆಯ ಕಡೆ ತಿರುಗಿತು. ನನ್ನ ತಡೆಯೂ ಆಗಲೇ ಬಿಟ್ಟಿತು. “ರೈಟ್” ಅಂದೆ. ಬಸ್ ಹೊರಟಿತು. ಪರದೆ ಕೊನೆಯ ತನಕ ಹಸಿರಾಗಿಯೇ ಇತ್ತು.

ಗೌಡರಿಗೆ ಬಸ್ ಸಿಕ್ಕಿತು. ನನ್ನ ಯಂತ್ರವನ್ನು ತರಬೇತಿ ಕೇಂದ್ರದವರು ಕೊಳ್ಳಲಿಲ್ಲ, ಅದಕ್ಕೆ ಬೇರೆ ಕಾರಣಗಳಿದ್ದವು. ಊಟದ ಹೊತ್ತಿನಲ್ಲಿ ಕೇಳಿದ ಕಥೆ ತಲೆಯಲ್ಲಿತ್ತು, ಅದೇ ಕಿವಿಯಲ್ಲಿ ಮಾತಾಡಿತು ಅಂತ ನೀವು ಹೇಳಬಹುದು. ನಾನೂ ನನಗೆ ಹಾಗೇ ಹೇಳಿಕೊಂಡಿದ್ದೇನೆ. ಒಬ್ಬನ ಭ್ರಮೆ ಅಂದರೆ ಒಪ್ಪುತ್ತೇನೆ. ಒಂದೇ ಗಳಿಗೆಯಲ್ಲಿ ನನ್ನ ಕಿವಿಗೂ ಅವರ ಕಾಲಿಗೂ ಅದು ಹೇಗೆ ಮುಟ್ಟಿತು? ಹೊರಡುವಾಗ ಗೌಡರು ನನ್ನ ಕೈ ಹಿಡಿದುಕೊಂಡು, “ಈ ಸಲ ಇಳಿದ್ರು ಸಾರ್” ಅಂದರು. ನಾನು “ಹ್ಞೂ” ಅಂದುಬಿಟ್ಟೆ. ಏನನ್ನು ನೋಡಿ ಹ್ಞೂ ಅಂದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.